ಅಶೋಕಸ್ತಂಭದ ಮೇಜಿನ ಪ್ರತಿಕೃತಿ: ಸಿಂಹ ನಾಲ್ಕಿವೆ, ಆನೆಯೇ ಇಲ್ಲ

ಮಕ್ಕಳಿಗೆ ರಾಷ್ಟ್ರಲಾಂಛನದ ಪಾಠ ಮಾಡುವಾಗಲೆಲ್ಲ ನಾಣ್ಯವನ್ನೋ ಪಾಸ್‌ಪೋರ್ಟಿನ ರಕ್ಷಾಪುಟವನ್ನೋ ತೋರಿಸಿ, ಹಿಂದೆ ಮರೆಯಾಗಿರುವ ನಾಲ್ಕನೆಯ ಸಿಂಹವನ್ನು ಬಾಯಿಮಾತಿನಲ್ಲೇ ವರ್ಣಿಸಬೇಕಾಗುತ್ತಿತ್ತು. ಕೈಯಲ್ಲಿ ಹಿಡಿದು ತಿರುಗಿಸಬಹುದಾದ ಪ್ರತಿಕೃತಿಯೊಂದಿದ್ದರೆ ಈ ಪಾಡು ತಪ್ಪೀತೆಂದು, ಉಡುಗೊರೆ ವಸ್ತುಗಳನ್ನು ಆನ್‌ಲೈನಿನಲ್ಲಿ ಮಾರುವ ಅಂಗಡಿಯೊಂದರಿಂದ ಒಂಬತ್ತು ಅಂಗುಲ ಎತ್ತರದ ‘ಅಶೋಕಸ್ತಂಭ’ವನ್ನು 1,450 ರೂಪಾಯಿಗೆ ತರಿಸಿದೆ.

ಕಟ್ಟಿ ಕಳುಹಿಸಿದ ರೀತಿ ಅಚ್ಚುಕಟ್ಟಾಗಿತ್ತು. ಕಲ್ಲುಪುಡಿ ಬೆರೆಸಿದ ರೆಸಿನ್ನಿನ ಎರಕವಾದರೂ ಕೈಗೆ ಭಾರವೆನಿಸುತ್ತದೆ. ಬೆನ್ನಿಗೆ ಬೆನ್ನು ಕೊಟ್ಟು ಕುಳಿತ ಸಿಂಹಗಳ ಕೇಸರದ ಸುರುಳಿಗಳು ಒಂದೊಂದಾಗಿ ಬಿಡಿಸಿಕೊಂಡಿವೆ, ತೆರೆದ ಬಾಯಿಯೊಳಗಿನ ನಾಲಿಗೆ ಕೂಡ ಕಾಣುತ್ತದೆ. ಚುನಾರ್ ಮರಳುಗಲ್ಲಿಗೆ ಮೌರ್ಯರ ಕಾಲದ ಶಿಲ್ಪಿಗಳು ತಂದ, ಇಂದಿಗೂ ಕನ್ನಡಿಯಂತಿರುವ ಆ ನುಣುಪನ್ನು ರೆಸಿನ್ನಿನಿಂದ ನಿರೀಕ್ಷಿಸುವುದು ಅನ್ಯಾಯ. ಬಣ್ಣವಂತೂ ಮೂಲಕ್ಕೆ ಹತ್ತಿರವಾಗಿಯೇ ಇದೆ.

ತೊಂದರೆ ಕಂಡದ್ದು ಸಿಂಹಗಳ ಕಾಲಡಿಯ ದುಂಡು ಪಟ್ಟಿಯಲ್ಲಿ, ಅದೂ ತರಗತಿಯಲ್ಲಿ. ಮುಂಭಾಗದಲ್ಲಿ ಚಕ್ರ, ಅದರ ಬಲಕ್ಕೆ ಗೂಳಿ, ಎಡಕ್ಕೆ ಓಡುವ ಕುದುರೆ ಎಂದು ವಿವರಿಸುತ್ತಿದ್ದೆ. ಮೂರ್ತಿಯನ್ನು ಕೈಗೆತ್ತಿಕೊಂಡ ಹುಡುಗಿಯೊಬ್ಬಳು ಅದನ್ನು ತಿರುಗಿಸಿ, “ಸಾರ್, ಹಿಂದೇನೂ ಗೂಳಿ, ಕುದುರೆನೇ ಇದೆಯಲ್ಲಾ” ಎಂದಳು. ಸಾರನಾಥದ ಮೂಲ ಶಿಲ್ಪದಲ್ಲಿ ಆನೆ, ಕುದುರೆ, ಗೂಳಿ, ಸಿಂಹ ಎಂಬ ನಾಲ್ಕು ಪ್ರಾಣಿಗಳು, ನಡುನಡುವೆ ಇಪ್ಪತ್ನಾಲ್ಕು ಅರಗಳ ಚಕ್ರಗಳೊಂದಿಗೆ ಸುತ್ತುವರಿದಿವೆ. ಇಲ್ಲಿ ಆನೆಯೂ ಇಲ್ಲ, ಪಟ್ಟಿಯ ಸಿಂಹವೂ ಇಲ್ಲ; ಚಕ್ರದ ಅರಗಳನ್ನು ಎಣಿಸಿದರೆ ಹದಿನಾರು. ಗಂಟೆಯಾಕಾರದ ಬೋರಲು ಕಮಲವೂ ಕಾಣೆಯಾಗಿದೆ.

ಇಷ್ಟಾದ ಮೇಲೆ ಸಂಗತಿ ಸ್ಪಷ್ಟವಾಯಿತು. ಅಚ್ಚು ಮಾಡಿದವರು ನೋಡಿ ಕೆತ್ತಿದ್ದು 1904-05ರ ಉತ್ಖನನದಲ್ಲಿ ದೊರೆತು ಇಂದು ಸಾರನಾಥದ ವಸ್ತುಸಂಗ್ರಹಾಲಯದಲ್ಲಿರುವ, ಏಳು ಅಡಿ ಎತ್ತರದ ಸ್ತಂಭಶೀರ್ಷವನ್ನಲ್ಲ. ಸರ್ಕಾರಿ ಕಾಗದದ ನೆತ್ತಿಯ ಮೇಲಿನ ಚಿತ್ರವನ್ನು. 1950ರ ಜನವರಿ 26ರಂದು ಅಂಗೀಕರಿಸಲಾದ ಆ ಚಿತ್ರದಲ್ಲಿ ಮೂರೇ ಸಿಂಹಗಳು ಕಾಣುತ್ತವೆ, ಕಮಲವನ್ನು ಕೈಬಿಡಲಾಗಿದೆ, ಚಿತ್ರಕ್ಕೆ ಹಿಂಬದಿ ಎಂಬುದೇ ಇಲ್ಲ. ಆ ಇಲ್ಲದ ಹಿಂಬದಿಯನ್ನು ಇವರು ಮುಂಬದಿಯನ್ನೇ ಮತ್ತೊಮ್ಮೆ ಒತ್ತಿ ತುಂಬಿದ್ದಾರೆ. ಮೂಲದಲ್ಲಿ ಸಿಂಹಗಳ ಮೇಲೆ ದೊಡ್ಡದೊಂದು ಧರ್ಮಚಕ್ರವೂ ಇತ್ತು, ಅದರ ಚೂರುಗಳಷ್ಟೇ ಉಳಿದಿವೆ. ಅದನ್ನು ಬಿಟ್ಟದ್ದಕ್ಕೆ ನನ್ನ ಆಕ್ಷೇಪವಿಲ್ಲ, ವಿಧಾನಸೌಧದ ಗುಮ್ಮಟದ ಮೇಲೆ ಕೂಡ ಸಿಂಹಗಳೇ ತುದಿ.

ಇದಕ್ಕಿಂತ ಗಂಭೀರವಾದದ್ದು ಪೀಠದ ಬರಹ. ಮುಂಡಕೋಪನಿಷತ್ತಿನ ‘ಸತ್ಯಮೇವ ಜಯತೇ’ ದೇವನಾಗರಿ ಲಿಪಿಯಲ್ಲಿ ಕೆಳಗಿದ್ದರೆ ಮಾತ್ರ ಲಾಂಛನ ಪೂರ್ಣವಾಗುತ್ತದೆ. ಮೌರ್ಯರ ಶಿಲ್ಪದಲ್ಲಿ ಆ ವಾಕ್ಯವಿಲ್ಲ. ಅದನ್ನು ಕೆತ್ತಿದ ಕೂಡಲೇ ಈ ವಸ್ತು ಪುರಾತನ ಶಿಲ್ಪವೊಂದರ ನಕಲಾಗಿ ಉಳಿಯದೆ ಸರ್ಕಾರದ ಗುರುತಿನ ಕಡೆಗೆ ವಾಲುತ್ತದೆ. ಸಾಲದೆಂಬಂತೆ ಅಂಗಡಿಯವರು, “ನಿಮ್ಮ ಹೆಸರು ಮತ್ತು ಹುದ್ದೆಯನ್ನು ಕೆಳಗೆ ಕೆತ್ತಿಸಿಕೊಡುತ್ತೇವೆ, ನಿವೃತ್ತ ಅಧಿಕಾರಿಗಳಿಗೆ ಒಳ್ಳೆಯ ಉಡುಗೊರೆ” ಎಂಬ ಚೀಟಿಯನ್ನೂ ಪೆಟ್ಟಿಗೆಯಲ್ಲಿಟ್ಟಿದ್ದರು. ಸರ್ಕಾರದೊಂದಿಗೆ ಸಂಬಂಧವಿದೆ ಎಂಬ ಭಾವನೆ ಹುಟ್ಟಿಸುವಂತೆ ಲಾಂಛನವನ್ನಾಗಲಿ ಅದರ ಹೋಲಿಕೆಯನ್ನಾಗಲಿ ಬಳಸುವುದನ್ನು 2005ರ ಕಾಯ್ದೆ ನಿಷೇಧಿಸುತ್ತದೆ. ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಮಾಜಿ ಸಚಿವರಿಗೂ ನಿವೃತ್ತ ನೌಕರರಿಗೂ ಇದರ ಬಳಕೆಗೆ ಅಧಿಕಾರವಿಲ್ಲವೆಂದು 2007ರ ನಿಯಮಗಳು ಹೇಳುತ್ತವೆ. ಪಾಪ, ನಿವೃತ್ತಿಯ ದಿನ ಹಾರದ ಜೊತೆಗೆ ಇದನ್ನು ಪಡೆಯುವವರಿಗೆ ಯಾರೂ ಇಷ್ಟನ್ನೆಲ್ಲ ಹೇಳುವುದಿಲ್ಲ.

ಎರಕದ ಕೆಲಸಕ್ಕೆ ಐದರಲ್ಲಿ ನಾಲ್ಕು ಅಂಕ, ನಿಷ್ಠೆಗೆ ಒಂದು. ಕಾರಣಗಳನ್ನು ಬರೆದು ಹಿಂದಿರುಗಿಸಿದೆ. ಸಾಗಣೆ ವೆಚ್ಚ ಮುರಿದುಕೊಂಡು ಉಳಿದ ಹಣವನ್ನು ತಕರಾರಿಲ್ಲದೆ ಕೊಟ್ಟರು. ಆನೆ ಕೆತ್ತಿರುವ, ಪೀಠದಲ್ಲಿ ಬರಹವಿಲ್ಲದ ಅಚ್ಚು ಇದೆಯೇ ಎಂದು ಕೇಳಿದ್ದಕ್ಕೆ ಮಾತ್ರ ಉತ್ತರ ಬಂದಿಲ್ಲ.