ರಿಂಗ್ ಲೈಟಾ, ಟ್ರೈಪಾಡಾ, ಫ್ಲ್ಯಾಶಾ: ಮಳೆಗಾಲದ ತೋಟದಲ್ಲಿ ಮ್ಯಾಕ್ರೋ

ಮ್ಯಾಕ್ರೋ ಅಂದ್ರೆ ಇರುವೆ, ಜೇಡದಂಥ ಸಣ್ಣದನ್ನು ತೀರ ಹತ್ತಿರದಿಂದ ದೊಡ್ಡದಾಗಿ ಫೋಟೋ ತೆಗೆಯುದು. ಮಳೆಗಾಲದ ಕತ್ತಲೆಗೆ ಈ ಮೂರರಲ್ಲಿ ಯಾವುದು ಅಂದ್ರೆ, ಮೊದಲೇ ಹೇಳಿ ಬಿಡ್ತೇನೆ, ನಾನು ಫ್ಲ್ಯಾಶ್ ಪಾರ್ಟಿ. ಅದೂ 2,500ಕ್ಕೆ ಸಿಕ್ಕಿದ ಸೆಕೆಂಡ್ ಹ್ಯಾಂಡ್ ಮ್ಯಾನುವಲ್ ಫ್ಲ್ಯಾಶ್. ಅದಕ್ಕಿಂತ ಮೊದಲು 1,800 ಕೊಟ್ಟು ಎಲ್‌ಇಡಿ ರಿಂಗ್ ಲೈಟ್ ತರಿಸಿ ಕೈ ಸುಟ್ಟುಕೊಂಡದ್ದು ಬೇರೆ ಉಂಟು.

ಕಾಸರಗೋಡಿನ ನಮ್ಮ ಪೆರ್ಲ ಕಡೆ ಜುಲೈಯಲ್ಲಿ ಅಡಿಕೆ ತೋಟದ ಒಳಗೆ ಮಧ್ಯಾಹ್ನ ಮೂರಕ್ಕೇ ದೀಪ ಹೊತ್ತಿಸುವಷ್ಟು ಕತ್ತಲೆ. ಅದ್ರ ಮೇಲೆ ಮ್ಯಾಕ್ರೋದ್ದೇ ಒಂದು ಕಿರಿಕಿರಿ, 1:1 ವರೆಗೆ, ಅಂದ್ರೆ ವಸ್ತು ಸೆನ್ಸರಿನ ಮೇಲೆ ಅದ್ರ ನಿಜ ಗಾತ್ರದಲ್ಲೇ ಬೀಳುವಷ್ಟು ಹತ್ತಿರ ಹೋದ್ರೆ ನೀವು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್ 8 ಇಟ್ಟದ್ದು ಬೆಳಕಿನ ಲೆಕ್ಕದಲ್ಲಿ ಹೆಚ್ಚುಕಮ್ಮಿ ಎಫ್ 16, ಅಂದ್ರೆ ಕಾಲು ಪಾಲು ಬೆಳಕು. ಹಾಗಂತ ಅಪರ್ಚರ್ ತೆರೆದ್ರೆ ಜೇಡನ ಕಣ್ಣು ಮಾತ್ರ ಶಾರ್ಪ್, ಕಾಲೆಲ್ಲ ಮಂಜು.

ರಿಂಗ್ ಲೈಟ್ ಕಣ್ಣಿಗೆ ಎಷ್ಟು ಜೋರು ಕಂಡ್ರೂ ಕ್ಯಾಮೆರಾಕ್ಕೆ ಸಾಕಾಗ್ಲಿಲ್ಲ, ಎಫ್ 11, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ಇಟ್ರೂ ಶಟರ್ 1/60 ಸೆಕೆಂಡ್, ಕೈಯಲ್ಲಿ ಹಿಡಿದ್ರೆ ಎಲ್ಲಾ ಅಲುಗಿದ್ದೇ.

ಅದನ್ನಾದ್ರೂ ಸಹಿಸಬಹುದಿತ್ತು ಮಾರಾಯ್ರೆ, ರಿಂಗ್ ಲೈಟಿನ ಪ್ರತಿಬಿಂಬದ ಈ ಬಳೆ ಸಹಿಸ್ಲಿಕ್ಕೆ ಆಗ್ಲಿಲ್ಲ. ಜಿಗಿಯುವ ಜೇಡ ಉಂಟಲ್ಲ, ಅದ್ರ ಎದುರಿನ ಎರಡು ದೊಡ್ಡ ಕಣ್ಣಿನಲ್ಲಿ ಒಂದೊಂದು ಬಿಳಿ ಬಳೆ, ಪಕ್ಕದ ಎಲೆಯಲ್ಲಿ ಏಳು ನೀರ ಹನಿ ಇದ್ರೆ ಆ ಏಳರಲ್ಲೂ ಬಳೆ. ಅಮ್ಮ ಫೋಟೋ ನೋಡಿ "ಇದಕ್ಕೆ ಯಾಕೆ ಕನ್ನಡಕ ಹಾಕಿದ್ದು?" ಅಂತ ಕೇಳಿದ್ರು. ಅರ್ಧಕ್ಕೆ ಇನ್ಸುಲೇಶನ್ ಟೇಪ್ ಹಚ್ಚಿದೆ, ಬಳೆ ಹೋಗಿ ಕುಡುಗೋಲು ಬಂತು, ಬೆಳಕೂ ಅರ್ಧ ಆಯ್ತು. ಬಟರ್ ಪೇಪರ್ ಅಂಟಿಸಿದೆ, ಬಳೆ ಸ್ವಲ್ಪ ಮಸುಕಾಯ್ತು, ಐಎಸ್ಒ 6400ಕ್ಕೆ ಏರಿ ಜೇಡನ ರೋಮದ ಬದಲು ಮರಳು ಚೆಲ್ಲಿದ ಹಾಗೆ ನಾಯ್ಸ್.

ಟ್ರೈಪಾಡ್ ಅಣಬೆಗೆ ಫಸ್ಟ್ ಕ್ಲಾಸ್. ಐಎಸ್ಒ 100, ಎರಡು ಸೆಕೆಂಡ್, ಸೆಲ್ಫ್ ಟೈಮರ್. ನಡೆಯುವ, ಗಾಳಿಗೆ ಅಲ್ಲಾಡುವ ಯಾವುದಕ್ಕೂ ಪ್ರಯೋಜನ ಇಲ್ಲ.

ಫ್ಲ್ಯಾಶಿನ ಮಜಾ ಏನಂದ್ರೆ ಎಫ್ 11, 1/200 ಇಟ್ರೆ ತೋಟದ ಬೆಳಕು ಫೋಟೋದಲ್ಲಿ ಬರುದೇ ಇಲ್ಲ, ಬರುದು ಫ್ಲ್ಯಾಶಿನದ್ದು ಮಾತ್ರ, ಅದು 1/16 ಪವರಿನಲ್ಲಿ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಬೇಗ ಮಿಂಚಿ ಮುಗೀತದೆ, ಹಾಗಾಗಿ ನನ್ನ ಕೈ ನಡುಗಿದ್ರೂ ಎಲೆ ಅಲ್ಲಾಡಿದ್ರೂ ಲೆಕ್ಕಕ್ಕಿಲ್ಲ. ಬರೀ ಫ್ಲ್ಯಾಶ್ ಹೊಡೆದ್ರೆ ಮಾತ್ರ ಇರುವೆ ಬೆನ್ನು ಸ್ಟೀಲ್ ಪಾತ್ರೆಯ ಹಾಗೆ ಹೊಳೀತದೆ, ಬೆಳಕನ್ನು ಹರಡಿ ಮೆತ್ತಗೆ ಮಾಡುವ ಡಿಫ್ಯೂಸರ್ ಬೇಕೇ ಬೇಕು. ನಾನು ಮಾಡಿದ್ದು ಅಡಿಕೆ ಹಾಳೆಯಲ್ಲಿ. ಫ್ಲ್ಯಾಶಿನಿಂದ ಲೆನ್ಸಿನ ತುದಿವರೆಗೆ ದೋಣಿಯ ಹಾಗೆ ಕವುಚಿ, ಒಳಗೆ ಅಡಿಗೆಮನೆಯ ಫಾಯಿಲ್, ಬಾಯಿಗೆ ಎರಡು ಪದರ ಬಟರ್ ಪೇಪರ್, ಸುತ್ತ ರಬ್ಬರ್ ಬ್ಯಾಂಡ್. ಈಗ ಜೇಡನ ಕಣ್ಣಲ್ಲಿ ಕಿಟಕಿ ಕಂಡ ಹಾಗೆ ಮೆತ್ತಗಿನ ಒಂದೇ ಹೊಳಪು. ಎಲೆ ಮೇಲೆ ಒಣಗಿದ ಬೋರ್ಡೋದ (ಅಡಿಕೆ ಕೊಳೆರೋಗಕ್ಕೆ ಬಿಡುವ ಮದ್ದು) ನೀಲಿ ಚುಕ್ಕೆ ಸಮೇತ ಲೆಕ್ಕ ಮಾಡಬಹುದು. ಮೂರು ವಾರ ಮಳೆಯಲ್ಲಿ ತಿರುಗಿದ್ರೆ ಹಾಳೆ ಬೂಸು ಹಿಡೀತದೆ, ಹಿಡೀಲಿ, ಅಷ್ಟರಲ್ಲಿ ಇನ್ನೊಂದು ಬಿದ್ದಿರ್ತದೆ.

ನಿಮ್ದು ಬರೀ ಅಣಬೆ ಅಂತಾದ್ರೆ, ಮನೆಯಲ್ಲಿ ಟ್ರೈಪಾಡ್ ಇದ್ರೆ, ಒಂದು ರೂಪಾಯಿಯೂ ಖರ್ಚು ಮಾಡ್ಬೇಡಿ. ನನ್ನ ಹಾಗೆ ಇರುವೆ, ಜೇಡ ಅಂತ ಬೋರಲು ಬೀಳುವವರಾದ್ರೆ ಹಳೇ ಫ್ಲ್ಯಾಶ್ ಹುಡುಕಿ. ಕತ್ತಲಲ್ಲಿ ಫೋಕಸ್ ಕಾಣುದಿಲ್ಲ, ಅದೊಂದು ಕೊರತೆ. ನಮ್ಮಲ್ಲಿ ರಬ್ಬರ್ ಟ್ಯಾಪಿಂಗಿಗೆ ಹೋಗುವ ಹೆಡ್‌ಲೈಟ್ ಇತ್ತು, ಅದನ್ನೇ ತಲೆಗೆ ಕಟ್ಟಿಕೊಳ್ತೇನೆ, ಬೆಳಿಗ್ಗೆ ಐದಕ್ಕೆ ಟ್ಯಾಪಿಂಗಿಗೆ ಬೇಕಾಗುವಷ್ಟರಲ್ಲಿ ವಾಪಸ್ ಚಾರ್ಜಿಗೆ ಇಟ್ರಾಯ್ತು.