ಸಿಮ್ಯುಲೇಶನ್ ಕಲಿಸೋಕೆ ಆನ್‌ಲೈನ್ ತರಬೇತಿ: ರೆಕಾರ್ಡ್ ಆದ ಪಾಠವೋ, ಲೈವ್ ತರಗತಿಯೋ?

ನರ್ಸಿಂಗ್ ಪಾಠ ಮಾಡುವ ನೀವು, ಸಿಮ್ಯುಲೇಶನ್ (ನಿಜವಾದ ರೋಗಿಯ ಬದಲು ಕೃತಕ ಸನ್ನಿವೇಶದಲ್ಲಿ ಮಾಡಿಸುವ ಅಭ್ಯಾಸ) ನಡೆಸುವುದನ್ನು ಆನ್‌ಲೈನ್‌ನಲ್ಲಿ ಕಲಿಯಲು ರೆಕಾರ್ಡ್ ಆದ ಪಾಠ ಸರಿಯೋ, ಲೈವ್ ತರಗತಿ ಸರಿಯೋ ಎಂದು ಕೇಳಿದ್ದೀರಿ. ಒಂದೇ ಉತ್ತರ ಇಲ್ಲ.

ಖರ್ಚಿನಲ್ಲಿ ರೆಕಾರ್ಡ್ ಆದ ಕೋರ್ಸೇ ಸಾಮಾನ್ಯವಾಗಿ ಅಗ್ಗ. ವಾರ್ಡ್ ಪೋಸ್ಟಿಂಗ್ ಮುಗಿಸಿ ರಾತ್ರಿ ಹತ್ತಕ್ಕೂ ನೋಡಬಹುದು. ಲೈವ್ ತರಗತಿ ನಿಮ್ಮ ವೇಳಾಪಟ್ಟಿಗೆ ಕಾಯುವುದಿಲ್ಲ. ಅಮೆರಿಕದವರು ನಡೆಸಿದರೆ ನಮಗೆ ನಡುರಾತ್ರಿ, ಅಲ್ವಾ?

ಆದರೆ ನಿಜವಾದ ಪರೀಕ್ಷೆ ಇರುವುದು ಡಿಬ್ರೀಫಿಂಗ್‌ನಲ್ಲಿ, ಅಂದರೆ ಅಭ್ಯಾಸ ಮುಗಿದ ಮೇಲೆ ವಿದ್ಯಾರ್ಥಿಗಳ ಜೊತೆ ಕೂತು ನಡೆದದ್ದನ್ನು ಚರ್ಚಿಸುವುದರಲ್ಲಿ. ಹೆರಿಗೆಯ ನಂತರದ ರಕ್ತಸ್ರಾವದ ಅಭ್ಯಾಸ ಮುಗಿಯಿತು ಅಂದುಕೊಳ್ಳಿ. ವಿದ್ಯಾರ್ಥಿ ಗರ್ಭಕೋಶ ಮುಟ್ಟಿ ನೋಡುವುದನ್ನೇ ಮರೆತಳು. 'ಯಾಕೆ ಮರೆತೆ?' ಎಂದು ಗದರದೆ, 'ಆಗ ನಿನ್ನ ಮನಸ್ಸಿನಲ್ಲಿ ಏನು ಓಡುತ್ತಿತ್ತು?' ಎಂದು ಕೇಳಿ ಸುಮ್ನೆ ಕಾಯಬೇಕು. ನಮ್ಮಂಥ ಮೇಷ್ಟ್ರಿಗೆ ಆ ಸುಮ್ಮನಿರುವುದೇ ಕಷ್ಟ! ಇದು ವಿಡಿಯೊ ನೋಡಿ ಬರುವುದಿಲ್ಲ. ನೀವು ಮಾಡುವಾಗ ಯಾರಾದರೂ ನೋಡಿ ತಿದ್ದಬೇಕು. ಇಲ್ಲಿ ಲೈವ್ ತರಗತಿಯೇ ಮುಂದು, ಗುಂಪು ಚಿಕ್ಕದಿದ್ದರೆ ಮಾತ್ರ. ಇನ್ನೂರು ಜನರಿದ್ದರೆ ಅದೂ ವಿಡಿಯೊನೇ.

ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಎನ್‌ಸಿಎಸ್‌ಬಿಎನ್ (ಅಲ್ಲಿನ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಒಕ್ಕೂಟ) ಅಧ್ಯಯನದಲ್ಲಿ ಕ್ಲಿನಿಕಲ್ ಗಂಟೆಗಳ (ರೋಗಿಗಳ ಬಳಿ ಕಲಿಯುವ ಸಮಯ) ಅರ್ಧದಷ್ಟನ್ನು ಸಿಮ್ಯುಲೇಶನ್‌ಗೆ ಬದಲಿಸಿದರೂ ಕಲಿಕೆ ಕುಗ್ಗಲಿಲ್ಲ. ಆದರೆ ಅಲ್ಲಿ ಕಲಿಸಿದವರು ತರಬೇತಿ ಪಡೆದವರು.

ಮ್ಯಾನಿಕಿನ್ (ರೋಗಿಯಂತಿರುವ ಬೊಂಬೆ) ನಡೆಸುವುದನ್ನು ಮಾತ್ರ ರೆಕಾರ್ಡ್ ಪಾಠವೂ ಲೈವ್ ತರಗತಿಯೂ ಕೈಗೆ ಹತ್ತಿಸುವುದಿಲ್ಲ. ಅದಕ್ಕೆ ಲ್ಯಾಬೇ ಬೇಕು.

ಈಗಷ್ಟೇ ಶುರು ಮಾಡುವವರು, ಕಾಸು ಕಡಿಮೆ ಇರುವವರು ರೆಕಾರ್ಡ್ ಆದದ್ದನ್ನು ಹಿಡಿಯಿರಿ. ಸಿನಾರಿಯೊ (ಅಭ್ಯಾಸದ ಸನ್ನಿವೇಶ) ನಡೆಸಿದ ಅನುಭವವಿದ್ದು ಡಿಬ್ರೀಫಿಂಗ್‌ನಲ್ಲಿ ಎಡವುತ್ತಿದ್ದರೆ ಲೈವ್‌ಗೆ ದುಡ್ಡು ಹಾಕಿ. ಸೇರುವ ಮೊದಲು ಕೋರ್ಸ್ ನಡೆಸುವವರನ್ನು ಒಂದು ಮಾತು ಕೇಳಿ: 'ನಾನು ಡಿಬ್ರೀಫ್ ಮಾಡುವುದನ್ನು ನೀವು ನೋಡುತ್ತೀರಾ?'