ಪುಣೆಯಾಗ ಹಳೇ ಫೋಟೋ ರಿಪೇರಿ: ಭೀಮಸೇನ ಜೋಶಿಯವರ ಜೋಡಿ ಇದ್ದ ನಮ್ಮ ಒಂದೇ ಒಂದು ಫೋಟೋ ಉಳಿಸಿಕೊಟ್ಟ ಅಂಗಡಿ

ಮೊದಲ ಹೇಳಿಬಿಡ್ತೀನಿ, ನನ್ನ ಕಡೆಯಿಂದ ಐದಕ್ಕ ಐದು ಸ್ಟಾರ್. ಅಂಗಡಿ ಹೆಸರು, ನಂಬರ್ ಮಾತ್ರ ಇಲ್ಲೆ ಹಾಕೂದಿಲ್ಲ, ಮಾಲಕರ ಬ್ಯಾಡ ಅಂದಾರ, ಅವರೊಬ್ಬರ ಕೈಯಾಗಿನ ಕೆಲಸ ಅದು, ಒಮ್ಮೆಲೆ ಐವತ್ತು ಮಂದಿ ಬಂದು ನಿಂತ್ರ ಮಾಡ್ಲಿಕ್ಕೆ ಆಗೂದಿಲ್ಲಂತ. ಸದಾಶಿವ ಪೇಟದಾಗ, ಟಿಳಕ ರೋಡಿನ ಹಿಂದಿನ ಗಲ್ಲಿಯೊಳಗ, ಹಳೇ ವಾಡೆದ ಮಾಳಿಗಿ ಮ್ಯಾಲೆ ಒಂದು ಸಣ್ಣ ಖೋಲಿ. ಯಾರಿಗರೆ ಖರೇನ ಬೇಕಿದ್ರ ಕೇಳ್ರಿ, ದಾರಿ ಹೇಳ್ತೀನಿ.

ಫೋಟೋ ಯಾವುದು ಅನ್ನೂದನ್ನ ಹೇಳಲಿಲ್ಲಂದ್ರ ಈ ರಿವ್ಯೂ ಅರ್ಥ ಆಗೂದಿಲ್ಲ. 1991ರ ಡಿಸೆಂಬರ್, ಪುಣೆಯ ಸಂಗೀತ ಉತ್ಸವ ಸವಾಯಿ ಗಂಧರ್ವ ಮಹೋತ್ಸವ, ರಮಣಬಾಗ ಶಾಲೆ ಮೈದಾನ. ನನಗ ಆಗ ಏಳು ವರ್ಷ. ನಮ್ಮಪ್ಪ ಕುಂದಗೋಳದವರು, ಪಿಂಪ್ರಿಯೊಳಗ ಕಾರ್ಖಾನೆ ಕೆಲಸ. ಕುಂದಗೋಳದವರಿಗೆ ಗಾಯಕ ಸವಾಯಿ ಗಂಧರ್ವರು ಅಂದ್ರ ಏನಂತ ಬ್ಯಾರೆ ಹೇಳಬೇಕಾಗಿಲ್ಲ, ರಾಮಭಾವು ಕುಂದಗೋಳಕರ ಅಂತ ಊರನ್ನ ಹೆಸರಿನ್ಯಾಗ ಇಟ್ಕೊಂಡವರು, ಗದಗಿನ ಹುಡುಗ ಭೀಮಸೇನ ಹಾಡೂದು ಕಲೀಬೇಕಂತ ಮನೀ ಬಿಟ್ಟು ಓಡಿಹೋಗಿ ಎಲ್ಲೆಲ್ಲೋ ತಿರುಗಾಡಿ ಕಡೀಕೆ ಇವರೇ ಗುರು ಆಗಿ ಸಿಕ್ಕಿದ್ದು ಅದೇ ಊರಾಗ, ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಟ್ರೇನಿನ್ಯಾಗ ಹೋಗಿ ಬಂದು ಕಲಿತದ್ದೂ ಅಲ್ಲೇ. ಗುರುಗಳು 1952ರಾಗ ತೀರಿಕೊಂಡ್ರು, 1953ರಿಂದ ಪುಣೆಯಾಗ ಅವರ ಹೆಸರಿಲೆ ಉತ್ಸವ ಸುರು ಆತು, ಭೀಮಸೇನರು ಅದನ್ನ ತಮ್ಮ ಮನೀ ಕಾರ್ಯ ಇದ್ದಂಗ ನಡೆಸಿದ್ರು. ಎಲ್ಲಾರ ಹಾಡಿಕಿ ಮುಗದ ಮ್ಯಾಲೆ ಕಡೀಕೆ ತಾವು ಕೂಡೂದು. ಆಗ ರಾತ್ರಿ ಪೂರ್ತಿ ನಡೀತಿತ್ತು, ಈಗಿನಂಗ ಹತ್ತಕ್ಕ ಮೈಕ್ ಬಂದ್ ಮಾಡೂ ನಿಯಮ ಇರಲಿಲ್ಲ.

ಅಪ್ಪ, ಅವ್ವ, ನಾನು ಪಿಂಪ್ರಿಯಿಂದ ಲೋಕಲ್ ಹಿಡಿದು ಶಿವಾಜಿನಗರಕ್ಕ ಇಳಿದು ಅಲ್ಲಿಂದ ನಡಕೋತ ಹೋಗಿದ್ವಿ, ಒಂದು ಜಮಖಾನಿ, ಎರಡು ಚಾದರ, ಡಬ್ಬಿಯೊಳಗ ಚಪಾತಿ ಶೇಂಗಾ ಚಟ್ನಿ. ನನಗ ಸಂಗೀತ ಏನೂ ನೆನಪಿಲ್ಲ, ಥಂಡಿ ನೆನಪದ, ಅವ್ವನ ತೊಡಿ ಮ್ಯಾಲೆ ಮಲಗಿದ್ದು ನೆನಪದ, ಎಷ್ಟೋ ಹೊತ್ತಿಗೆ ಮೈದಾನ ತುಂಬ ಜನ ಎದ್ದು ನಿಂತ ಸಪ್ಪಳ ನೆನಪದ. ಬೆಳಗಿನ ಜಾವ ಹಾಡಿಕಿ ಮುಗದ ಮ್ಯಾಲೆ ಅಪ್ಪ ನನ್ನ ಎಬ್ಬಿಸಿ, ಅಂದ್ರ ಎತ್ತಿಕೊಂಡೇ ಅನ್ರಿ, ವೇದಿಕೆ ಹಿಂದ ಕರ್ಕೊಂಡು ಹೋದ್ರು. ಅಲ್ಲೆ ಇಪ್ಪತ್ತು ಮೂವತ್ತು ಮಂದಿ ಕಾಲು ಮುಟ್ಲಿಕ್ಕೆ ನಿಂತಿದ್ರು. ನಮ್ಮ ಪಾಳಿ ಬಂತು, ಅಪ್ಪ ಕನ್ನಡದಾಗ ಏನೋ ಅಂದ್ರು, ಫ್ಲ್ಯಾಶ್ ಬಿತ್ತು, ಮುಗೀತು. ಅಲ್ಲೆ ಅಡ್ಡಾಡ್ತಿದ್ದ ಫೋಟೋಗ್ರಾಫರ್ ಒಬ್ಬಾಂವ ಅಡ್ರೆಸ್ ಬರ್ಕೊಂಡು ತಿಂಗಳ ಮ್ಯಾಲೆ ಪ್ರಿಂಟ್ ಕಳಿಸಿದ, ನಾಲ್ಕು ಇಂಚು ಆರು ಇಂಚಿಂದು, ಕಲರ್. ನೆಗೆಟಿವ್ ಅವನ ಕಡೇನ ಉಳೀತು.

ಆ ಫೋಟೋ ಟಿವಿ ಮ್ಯಾಲಿನ ಗೋಡೆಗೆ ಮೂವತ್ತು ವರ್ಷಕ್ಕಿಂತ ಹೆಚ್ಚು ಇತ್ತು. ಮನೀಗೆ ಯಾರು ಬಂದ್ರೂ ಅಪ್ಪ ಆ ಕಥಿ ಹೇಳವರ. ವರ್ಷ ಹೋದಂಗ ಅರ್ಧ ನಿಮಿಷ ಐದು ನಿಮಿಷ ಆತು, ಆಮ್ಯಾಲೆ ಹತ್ತು ನಿಮಿಷ ಆತು. ಅವ್ವ ಅಡಿಗಿ ಮನೀಯಿಂದ "ಹತ್ತು ನಿಮಿಷ ಎಲ್ಲೆ, ಹಿಂದ ಮಂದಿ ನೂಕಲಿಕ್ಕೆ ಹತ್ತಿದ್ರಲ್ಲಾ" ಅನ್ನವರು. ನಾನೂ ನನ್ನ ಪಾಲಿನ ಕಥಿ ಹೇಳ್ತಿದ್ದೆ, ಸಾಲಿಯೊಳಗ, ಕಾಲೇಜಿನ್ಯಾಗ, ಮದುವಿ ಆದ ಮ್ಯಾಲೆ ಹೆಂಡ್ತಿ ಮುಂದನೂ: ಭೀಮಸೇನ ಜೋಶಿಯವರು ನನ್ನ ಹೆಗಲ ಮ್ಯಾಲೆ ಕೈ ಇಟ್ಟಿದ್ರು ಅಂತ. ಫೋಟೋದಾಗ ಆ ಕೈ ಕಾಣ್ತಿತ್ತು, ಹೆಗಲ ಮ್ಯಾಲೆ ನಾಕು ಬೆರಳು. 2008ರಾಗ ಅವರಿಗೆ ಭಾರತರತ್ನ ಅಂತ ಸುದ್ದಿ ಬಂದಾಗ ಅಪ್ಪ ಇಡೀ ಬಿಲ್ಡಿಂಗಿಗೆ ಧಾರವಾಡ ಪೇಡೆ ಹಂಚಿದ್ರು. 2011ರ ಜನವರಿ 24ಕ್ಕ ಅವರು ಹೋದ ದಿನ ಡ್ಯೂಟಿಗೆ ಹೋಗಲಿಲ್ಲ, ಆ ಫೋಟೋ ಕೆಳಗ ಕುರ್ಚಿ ಹಾಕ್ಕೊಂಡು ಕೂತಬಿಟ್ರು. ಅಪ್ಪ ಹೋಗಿದ್ದು 2019ರಾಗ.

ಈಗ ಫೋಟೋಕ್ಕ ಆದದ್ದು. ಹ್ವಾದ ವರ್ಷ ಮಳಿಗಾಲದಾಗ ಹೊರಗಿನ ಗೋಡೆಗೆ ಪಸೆ ಹಿಡೀತು, ನಮಗ ಗೊತ್ತಾಗೂದ್ರಾಗ ಫ್ರೇಮಿನ ಒಳಗ ಬೂಷ್ಟು. ಫೋಟೋ ಕಾಜಿಗೆ ಅಂಟಿಬಿಟ್ಟಿತ್ತು. ಭೀಮಸೇನರ ಎಡಗಡೆ ಹೆಗಲು, ಕಿವಿ ಹತ್ರ ಒಂದು ರೂಪಾಯಿ ನಾಣ್ಯದಷ್ಟು ಜಾಗಾ ಬಿಳೇ ಕಲೆ. ಉಳಿದದ್ದೆಲ್ಲಾ ಮೊದಲ ಕೆಂಪಗ ಆಗಿತ್ತು.

ಮೊದಲು ಒಂದು ದೊಡ್ಡ ಸ್ಟುಡಿಯೋಕ್ಕ ಹೋದ್ವಿ, ಹೆಸರು ಬ್ಯಾಡ. ಎಸಿ, ಕೌಂಟರ್, ಟೋಕನ್. ಫೋಟೋನ ಮೊಬೈಲಿನ್ಯಾಗ ಹೊಡ್ಕೊಂಡು ಎಐ ಒಳಗ ಹಾಕಿ ಅರ್ಧ ತಾಸಿನ್ಯಾಗ ಹನ್ನೆರಡು ಇಂಚಿನ ಪ್ರಿಂಟ್ ಕೊಟ್ರು, 1200 ರೂಪಾಯಿ. ದೂರದಿಂದ ನೋಡಿದ್ರ ಥಳಥಳ ಹೊಸಾದು. ಹತ್ರ ಹೋಗಿ ನೋಡಿದ್ರ ಭೀಮಸೇನರ ಮುಖದ ಮ್ಯಾಲೆ ಒಂದು ಗೆರಿ ಇಲ್ಲ, ರಾತ್ರಿಯೆಲ್ಲಾ ಕೂತು ಬೆಳಗಿನ ಜಾವ ಹಾಡಿದ ಮನುಷ್ಯನ ದಣಿವು ಇಲ್ಲ, ನಲವತ್ತು ವರ್ಷದ ಯಾರೋ ಸಾಹುಕಾರರಂಗ ಕಾಣ್ತಾರ. ಅಪ್ಪ ಫೋಟೋದ ಅಂಚಿಗೆ ಅರ್ಧಾ ಕಟ್ ಆಗಿ ನಿಂತಿದ್ರಲ್ಲಾ, ಆ ಅರ್ಧಾ ಮುಖಕ್ಕ ಇನ್ನರ್ಧಾ ಸೇರಿಸಿ ಪೂರ್ತಿ ಮಾಡ್ಯಾರ, ಅದು ನಮ್ಮಪ್ಪನ ಮುಖ ಅಲ್ಲ. ನಾನು ಫೋಟೋದಾಗ ಕಣ್ಣು ಮುಚ್ಚಿದ್ದೆ, ನಿಂತಲ್ಲೇ ನಿದ್ದಿ. ಆ ಪ್ರಿಂಟಿನ್ಯಾಗ ನನ್ನ ಕಣ್ಣು ತಗದಾವ. ದೊಡ್ಡ ದೊಡ್ಡ ಹೊಳಿಯೂ ಕಣ್ಣು, ಕ್ಯಾಮೆರಾ ಕಡೆ ನೋಡ್ಕೋತ. ಅವ್ವ ಅದನ್ನ ಕೈಯಾಗ ಹಿಡ್ಕೊಂಡು ಭಾಳ ಹೊತ್ತು ನೋಡಿ "ಇವರು ಯಾರು?" ಅಂದ್ಲು. ನನ್ನ ಎದಿಗೆ ಹೊಡದಂಗ ಆತು. ಅಪ್ಪ ಕಥಿ ಎಷ್ಟ ಬೆಳೆಸಿದ್ರೂ ಗೋಡೆ ಮ್ಯಾಲೆ ಆ ಫೋಟೋ ಖರೇ ಹೇಳ್ಕೋತ ಇರ್ತಿತ್ತು, ಇದರಾಗ ಅದೂ ಉಳಿದಿರಲಿಲ್ಲ.

ಸದಾಶಿವ ಪೇಟದ ಕಾಕಾನ ಕಡೆ ಹೋಗ್ರಿ ಅಂತ ಹೇಳಿದವರು ನಮ್ಮ ಮಗ್ಗಲ ಮನಿ ಆಜಿ. ಮಾಳಿಗಿ ಹತ್ತಿ ಹೋದ್ರ ಒಂದು ಟೇಬಲ್, ಒಂದು ಸ್ಕ್ಯಾನರ್, ಗೋಡೆಗೆ ಮಂದಿ ಕೊಟ್ಟ ನಮೂನೆ ಫೋಟೋ. ಮರಾಠಿ ಸಾಹಿತಿ ಪು. ಲ. ದೇಶಪಾಂಡೆಯವರು ಯಾರದೋ ಮದುವಿಯೊಳಗ ಪಂಕ್ತಿಯಾಗ ಕೂತದ್ದು ಒಂದು, ಖಡಕ್ವಾಸ್ಲಾದ ಮಿಲಿಟರಿ ಅಕಾಡೆಮಿ ಎನ್‌ಡಿಎ ಹುಡುಗನ ಕೈ ಕುಲುಕ್ಲಿಕ್ಕೆ ಹತ್ತಿದ ಫೀಲ್ಡ್ ಮಾರ್ಷಲ್ ಮಾಣೆಕ್‌ಶಾ ಒಂದು. ದೊಡ್ಡ ಮನುಷ್ಯಾರ ಪಕ್ಕ ನಿಂತವರ ಮುಖ ನೋಡಬೇಕ್ರಿ ಆ ಫೋಟೋದಾಗ, ಎಲ್ಲಾರ ಮುಖದಾಗ ಒಂದೇ ನಮೂನಿ ಗಾಬರಿ ಮತ್ತ ಖುಷಿ, ಹೆಸರು ಮಾಡಿದವರು ಆರಾಮ ನಿಂತಾರ, ಪಕ್ಕದವರ ಉಸಿರು ನಿಂತದ.

ಕಾಕಾ ನಮ್ಮ ಫ್ರೇಮ್ ತಿರುವಿ ನೋಡಿ ಮೊದಲ ಹೇಳಿದ್ದು, ಇದನ್ನ ಯಾರೂ ಕಾಜಿನಿಂದ ಕೀಳ್ಲಿಕ್ಕೆ ನೋಡಿಲ್ಲಲಾ ಅಂತ. ಇಲ್ಲ ಅಂದೆ. ಪುಣ್ಯ ಮಾಡೀರಿ ಅಂದ್ರು. ಫೋಟೋದ ಮ್ಯಾಲಿನ ಪದರ ಜಿಲೆಟಿನ್ ಇರ್ತದಂತ, ಪಸೆ ಹಿಡದ್ರ ಅದು ಮೆತ್ತಗಾಗಿ ಕಾಜಿಗೆ ಹತ್ತಿಕೊಳ್ತದ, ಕಿತ್ತಿದ್ರ ಚಿತ್ರ ಕಾಜಿಗೆ ಹೋಗ್ತದ, ಕಾಗದ ಕೈಯಾಗ ಉಳೀತದ. ಅದಕ್ಕ ಅವರು ಕಾಜಿನ ಸಮೇತನ ಸ್ಕ್ಯಾನ್ ಮಾಡಿದ್ರು. ಇನ್ನೊಂದು ತ್ರಾಸ, ನಮ್ಮ ಪ್ರಿಂಟ್ ಆಗಿನ ಕಾಲದ್ದು, ಮ್ಯಾಲೆ ಜೇನುಗೂಡಿನಂಗ ಸಣ್ಣ ಸಣ್ಣ ಉಬ್ಬು ಇರೋ ಪೇಪರ್, ಸ್ಕ್ಯಾನ್ ಮಾಡಿದ್ರ ಮುಖದ ತುಂಬ ಚುಕ್ಕಿ ಬರ್ತಾವ. ಒಮ್ಮೆ ನೆಟ್ಟಗ ಇಟ್ಟು ಸ್ಕ್ಯಾನ್, ಆಮ್ಯಾಲೆ ತಲಿಕೆಳಗ ತಿರುವಿ ಇನ್ನೊಮ್ಮೆ, ಎರಡನ್ನೂ ಒಂದರ ಮ್ಯಾಲೊಂದು ಕೂಡಿಸಿದ್ರ ಉಬ್ಬಿನ ನೆರಳು ಒಂದಕ್ಕೊಂದು ಕಳದುಹೋಗ್ತದ. 1200 ಡಿಪಿಐ, ಅಂದ್ರ ಒಂದು ಇಂಚಿಗೆ 1200 ಚುಕ್ಕಿ, ಚಿತ್ರ ಕೆಡದಂಗ ಉಳಿಸೂ ಟಿಫ್ ಫೈಲ್. ಕೆಂಪು ಯಾಕ ಆಗಿತ್ತು ಅಂದ್ರ, ಕಲರ್ ಪ್ರಿಂಟಿನ್ಯಾಗ ಮೂರು ಬಣ್ಣದ ಪದರ ಇರ್ತಾವ, ನಮ್ಮದರಾಗ ನೀಲಿ ಕಡೆಯ ಸಯಾನ್ ಮೊದಲ ಮಾಸಿತ್ತು, ಉಳಿದ ಎರಡು ಕೂಡಿ ಕೆಂಪು ಕಾಣ್ತದ. ಇದನ್ನೆಲ್ಲಾ ಅವರು ಕೆಲಸ ಮಾಡ್ಕೋತನ ಹೇಳಿದ್ರು, ಕೇಳಿದ್ದಕ್ಕೆಲ್ಲಾ ಉತ್ತರ ಕೊಟ್ರು, ಒಂದು ಸಲನೂ ಬ್ಯಾಸರ ಮಾಡ್ಕೊಳ್ಲಿಲ್ಲ.

ನನಗ ಭಾಳ ಹಿಡಿಸಿದ್ದು ಇದು. ಆ ಬಿಳೇ ಕಲೆ ಜಾಗಾಕ್ಕ ಬಂದಾಗ ಕರ್ಸರ್ ಅಲ್ಲೆ ನಿಲ್ಲಿಸಿ ನನ್ನ ಕಡೆ ತಿರುಗಿದ್ರು.

"ಇಲ್ಲೆ ಏನಿತ್ತು, ನಿಮಗ ಗೊತ್ತದ ಏನು?"

"ಕಿವಿ ಮತ್ತ ಶಾಲು ಇರಬೇಕ್ರಿ."

"ಇರಬೇಕು ಅಂದ್ರ ಆಗೂದಿಲ್ಲ. ನೋಡೀರೇನು?"

ಬ್ಯಾರೆ ಪ್ರಿಂಟ್ ಇದ್ದಿದ್ರ, ನೆಗೆಟಿವ್ ಇದ್ದಿದ್ರ ಅದನ್ನ ನೋಡಿ ಹಾಕ್ತಿದ್ರಂತ. ಇಲ್ಲದ್ದಕ್ಕ ಶಾಲಿನ ಅಂಚು ಅಲ್ಲೇ ಪಕ್ಕದಾಗ ಕಾಣ್ತದಲ್ಲಾ ಅದನ್ನಷ್ಟ ಮುಂದುವರಿಸಿ, ಕಿವಿ ಇದ್ದಲ್ಲೆ ಹಿಂದಿನ ಪರದೆ ಬಣ್ಣಕ್ಕ ಹೊಂದೂ ಹಂಗ ಮಬ್ಬಾಗಿ ಬಿಟ್ರು. ಹತ್ರ ಹೋದ್ರ ಗೊತ್ತಾಗ್ತದ, ಇಲ್ಲೆ ಏನೋ ಹೋಗ್ಯದ ಅಂತ. ಹಂಗ ಗೊತ್ತಾಗಬೇಕು ಅಂತನ ಅವರ ಹಟ, ನನಗ ಈಗ ಅದು ಪೂರಾ ಒಪ್ಪಿಗಿ.

ಎರಡನೇ ಸಲ ಹೋದಾಗ ಅವ್ವನ್ನೂ ಕರ್ಕೊಂಡು ಹೋಗಿದ್ದೆ. ಆ ದಿನ ಹೆಗಲಿನ ಭಾಗ ದೊಡ್ಡದು ಮಾಡಿ ಇಟ್ಟಿದ್ರು. ಸ್ಕ್ರೀನ್ ತುಂಬ ನನ್ನ ಉಲನ್ ಸ್ವೆಟರ್, ಅವ್ವ ಹೆಣದದ್ದು, ಒಂದೊಂದು ಎಳಿ ಕಾಣ್ತದ. ಅದರ ಮ್ಯಾಲೆ ನಾಕು ಬೆರಳು. ಬೆರಳು ಹೆಗಲ ಮ್ಯಾಲೆ ಸುಮ್ಮನ ಇಟ್ಟಿಲ್ಲ, ಸ್ವೆಟರ್ ಹಿಡಿದಾವ, ಉಲನ್ ಮುದ್ದಿ ಆಗ್ಯದ. ಕಾಕಾ ಮೆಲ್ಲಕ ಚಿತ್ರ ಪಕ್ಕಕ್ಕ ಸರಿಸಿದ್ರು, ಮುಂಗೈ ಬಂತು, ಮುಂಗೈಗೆ ಗಡಿಯಾರದ ಪಟ್ಟಿ, ಮ್ಯಾಲೆ ಬಕಲ್. ಡಯಲ್ ಇಲ್ಲ, ಬಕಲ್ ಅಷ್ಟ. ಅವ್ವ ಅಂದ್ಲು, "ಅಯ್ಯ, ಇದು ಅವರ ಕೈ ಅಲ್ಲೇನೋ." ನಮ್ಮಪ್ಪ ಎಚ್‌ಎಂಟಿ ಕಟ್ತಿದ್ರು, ಮಷೀನಿಗೆ ತಾಗಿ ಕಾಜು ಒಡೀಬಾರದಂತ ಡಯಲ್ ಒಳಗಿನ ಕಡೆ ಮಾಡಿ ಕಟ್ಟವರು, ಸಾಯೂತನಕ ಹಂಗ ಕಟ್ಟಿದ್ರು. ಭೀಮಸೇನರ ಎರಡೂ ಕೈ ಶಾಲಿನ ಒಳಗ ಅವ, ಈಗ ಬಣ್ಣ ತಿಳಿ ಆದ ಮ್ಯಾಲೆ ಶಾಲಿನ ಮಡಿಕಿ ನೋಡಿದ್ರ ಸ್ವಚ್ಛ ಕಾಣ್ತದ. ನಿದ್ದಿಗಣ್ಣಾಗ ನಾನು ಬೀಳಬಾರದಂತ ಅಪ್ಪ ಹಿಂದಿನಿಂದ ಕೈ ಚಾಚಿ ನನ್ನ ನೆಟ್ಟಗ ನಿಲ್ಲಿಸಿ ಹಿಡ್ಕೊಂಡಾರ, ತಾವು ಫೋಟೋದಿಂದ ಅರ್ಧಾ ಹೊರಗ ಹೋಗ್ಯಾರ. ಮೂವತ್ತು ವರ್ಷದ ಮ್ಯಾಲೆ ನಾನು ಬ್ಯಾರೆಯವರ ಕೈ ಅಂತ ಹೇಳ್ಕೋತ ಬಂದದ್ದು ಇದು. ಅಲ್ಲೇ ಕೂತು ಅತ್ತೆ. ಕಾಕಾ ಚಹಾ ತರಿಸಿದ್ರು, ಏನೂ ಮಾತಾಡಲಿಲ್ಲ.

ಖರ್ಚು ಹೇಳಿಬಿಡ್ತೀನಿ: ಸ್ಕ್ಯಾನಿಂಗ್ 300, ರಿಸ್ಟೋರೇಶನ್ 2800, ಎರಡು ಪ್ರಿಂಟ್ ಮತ್ತ ಒಂದು ಫ್ರೇಮ್ ಕೂಡಿ 1900. ಒಟ್ಟು 5000. ಕಮ್ಮಿ ಏನಲ್ಲ, ಆದ್ರ ಆ ಕೆಲಸದ ತಾಸು ಲೆಕ್ಕ ಹಾಕಿದ್ರ ಹೆಚ್ಚೂ ಅಲ್ಲ. ಪ್ರಿಂಟ್ ಮ್ಯಾಟ್ ಪೇಪರಿನ್ಯಾಗ, ಪಿಗ್ಮೆಂಟ್ ಶಾಯಿ. ಫ್ರೇಮಿನ ಒಳಗ ಸುತ್ತಲೂ ದಪ್ಪ ಮೌಂಟ್ ಬೋರ್ಡ್ ಕೊಟ್ಟಾರ, ಆ ಬೋರ್ಡಿನಿಂದ ಫೋಟೋ ಮತ್ತ ಕಾಜಿನ ನಡುವ ಸಂದಿ ಉಳೀತದ, ಇನ್ನೊಮ್ಮೆ ಅಂಟೂದಿಲ್ಲ. ನಿಮ್ಮ ಮನೀಯೊಳಗೂ ಇಂಥಾ ಫೋಟೋ ಇದ್ದು ಕಾಜಿಗೆ ಆನಿಸಿ ಫ್ರೇಮ್ ಮಾಡಿಸಿದ್ರ ಇವತ್ತೇ ಹೋಗಿ ನೋಡ್ರಿ, ಮತ್ತ ಹೊರಗಿನ ಗೋಡೆಗೆ ಹಾಕಬ್ಯಾಡ್ರಿ, ಮಳಿಗಾಲದಾಗ ಪುಣೆಯ ಹಳೇ ಬಿಲ್ಡಿಂಗ್ ಗೋಡೆ ಎಲ್ಲಾ ನೀರು ಕುಡೀತಾವ. ನೆಗೆಟಿವ್ ಇದ್ರ ಪ್ರಿಂಟ್ ಬಿಟ್ಟು ಅದನ್ನೇ ತಗೊಂಡು ಹೋಗ್ರಿ.

ತ್ರಾಸ ಅಂದ್ರ ಟೈಮ್. ಎರಡು ವಾರ ಅಂದವರು ಐದು ವಾರ ತಗೊಂಡ್ರು. ಫೋನ್ ಎತ್ತೂದಿಲ್ಲ, ಮಧ್ಯಾಹ್ನ ಒಂದರಿಂದ ನಾಕೂವರಿ ಬಂದ್, ಗಾಡಿ ನಿಲ್ಲಿಸ್ಲಿಕ್ಕೆ ಜಾಗಾ ಇಲ್ಲ, ಮೆಟ್ಟಲ ಕಡಿದು ಅವ, ವಯಸ್ಸಾದವರಿಗೆ ಕೈ ಹಿಡಿದು ಹತ್ತಿಸಬೇಕು. ಮದುವಿ, ಎಪ್ಪತ್ತನೇ ವರ್ಷದ ಶಾಂತಿ ಅಂತ ತಾರೀಖು ಇಟ್ಕೊಂಡು ಹೋಗವರು ಮೂರು ತಿಂಗಳ ಮೊದಲ ಹೋಗ್ರಿ. ನಾನು ಅದಕ್ಕ ಸ್ಟಾರ್ ಕಡಿಮಿ ಮಾಡಿಲ್ಲ.

ಹಳೇ ಫ್ರೇಮ್, ಕಾಜಿಗೆ ಹತ್ತಿದ ಅಸಲಿ ಫೋಟೋದ ಸಮೇತ, ಕಾಕಾ ಬಟ್ಟಿಯೊಳಗ ಸುತ್ತಿ ವಾಪಸ್ ಕೊಟ್ಟಾರ, ಮನೀ ತಿಜೋರಿಯೊಳಗ ಇಟ್ಟೇವಿ. ಹೊಸಾದನ್ನ ನಡುಮನೀ ಒಳಗೋಡೆಗೆ ಹಾಕೇವಿ. ಎರಡನೇ ಪ್ರಿಂಟ್ ಮುಂದಿನ ತಿಂಗಳ ಕುಂದಗೋಳಕ್ಕ ಹೋಗ್ತದ, ದೊಡ್ಡಪ್ಪನ ಮನೀಗೆ. ಮೊನ್ನೆ ಯಾರೋ ಬಂದಾಗ ಅವ್ವ ಫೋಟೋ ತೋರಿಸಲಿಕ್ಕೆ ಹತ್ತಿದ್ಲು. ಭೀಮಸೇನರ ಹೆಸರು ಆಮ್ಯಾಲೆ ಹೇಳಿದ್ಲು, ಮೊದಲು ಕಾಜಿನ ಮ್ಯಾಲೆ ಬಟ್ಟು ಇಟ್ಟು ಬಕಲ್ ತೋರಿಸಿದ್ಲು, "ಇದು ಹತ್ತು ನಿಮಿಷ ಮುಂದ ಇರ್ತಿತ್ತು ನೋಡ್ರಿ, ಫಸ್ಟ್ ಶಿಫ್ಟ್ ತಪ್ಪಬಾರದಂತ ಹಂಗ ಇಟ್ಕೊಂಡಿದ್ರು."